ನೈಸ್ ಎಂಬ ಮಾತಿನ ನಯ

ಇಂಗ್ಲಿಷಿನಲ್ಲಿ ಮೆಚ್ಚಿಕೊಳ್ಳುವುದು ಬಹಳ ಸುಲಭ. ‘ನೈಸ್’ ಎಂದರೆ ಮುಗಿಯಿತು. ಕಾಫಿ ನೈಸ್, ಉಟ್ಟ ಸೀರೆ ನೈಸ್, ಹೆಣ್ಣು ನೋಡಲು ಬಂದ ಹುಡುಗ ನೈಸ್, ನಿನ್ನೆ ಸಂಜೆ ಕೇಳಿದ ಕಛೇರಿಯೂ ನೈಸ್. ಹೇಳುವವರಿಗೆ ಶ್ರಮವಿಲ್ಲ, ಕೇಳುವವರಿಗೆ ನೋವಿಲ್ಲ. ಆದರೆ ಕರೆದವರ ಮನೆಗೆಲ್ಲ ಊಟಕ್ಕೆ ಹೋಗುವವನಿಗೆ ಊರಿನಲ್ಲಿ ಮರ್ಯಾದೆ ಕಡಮೆಯಲ್ಲವೆ? ಶಬ್ದಗಳ ಸಂಗತಿಯೂ ಹಾಗೆಯೇ. ಇಂಗ್ಲಿಷ್ ಮೇಷ್ಟರುಗಳು ಈ ಶಬ್ದವನ್ನು ಪ್ರಬಂಧದ ಪುಸ್ತಕದಿಂದ ಹೊರಗಟ್ಟಲು ತಲೆಮಾರುಗಳಿಂದ ಹೆಣಗುತ್ತಿದ್ದಾರೆ. ಅದು ಸವೆದ ನಾಣ್ಯ, ಅದರಲ್ಲಿ ತಿರುಳಿಲ್ಲ, ಅದನ್ನು ಬಳಸುವವನು ಯೋಚಿಸಲಾರದ ಸೋಮಾರಿ ಎಂದು ಕೈಪಿಡಿಗಳು ಹೇಳುತ್ತವೆ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನು ಈ ದೂರುಗಳನ್ನೆಲ್ಲ ಓದಿದ್ದೇನೆ. ಓದಿದಷ್ಟೂ, ಅದರ ಮೇಲೆ ಹೊರಿಸಿದ ಅಪವಾದ ಅರ್ಧ ಮಾತ್ರ ನಿಜ ಎಂದು ಅನ್ನಿಸಿದೆ. ಉಳಿದರ್ಧ ಏನು ಎಂದು ತಿಳಿಯಬೇಕಾದರೆ ಅದರ ಜಾತಕವನ್ನು ತೆಗೆದು ನೋಡಬೇಕು.

ಶಬ್ದಗಳ ಜಾತಕ ನೋಡುವ ಹವ್ಯಾಸ ಕನ್ನಡದ ಓದುಗರಿಗೆ ಹೊಸದಲ್ಲ. ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’, ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ನಮಗೆ ಆ ರುಚಿ ಹತ್ತಿಸಿವೆ. ನೈಸ್ ಎಂಬುದರ ಜಾತಕವಂತೂ ಕುತೂಹಲಕಾರಿ. ಅದರ ಮೂಲ ಲ್ಯಾಟಿನ್ನಿನ ‘ನೆಸ್ಕಿಯಸ್’. ‘ನೆ’ ಎಂದರೆ ಇಲ್ಲ. ‘ಸ್ಕೀರೆ’ ಎಂದರೆ ತಿಳಿಯುವುದು. ತಿಳಿವಿಲ್ಲದವನು ಎಂದು ಅರ್ಥ. ನಮ್ಮ ‘ಅಜ್ಞ’ ಹೇಗೆ ಕಟ್ಟಿಕೊಂಡಿದೆಯೋ ಅದೂ ಹಾಗೆಯೇ ಕಟ್ಟಿಕೊಂಡದ್ದು. ‘ಸೈನ್ಸ್’ ಎಂಬ ಘನವಾದ ಮಾತು ಕೂಡ ಇದೇ ಸ್ಕೀರೆಯ ಸಂತಾನ. ನೈಸ್ ಮತ್ತು ಸೈನ್ಸ್ ಹೀಗೆ ದಾಯಾದಿಗಳು: ಒಬ್ಬ ತಿಳಿದವನು, ಇನ್ನೊಬ್ಬ ತಿಳಿಯದವನು. ಹಳೆಯ ಫ್ರೆಂಚಿನಲ್ಲಿ ನೈಸ್ ಎಂದರೆ ದಡ್ಡ, ಪೆದ್ದ. ಸುಮಾರು 1300ರ ಹೊತ್ತಿಗೆ ಅದು ಇಂಗ್ಲಿಷಿಗೆ ಬಂದಾಗಲೂ ಅದೇ ಅರ್ಥ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆದ ಚಾಸರನ ಕಾವ್ಯದಲ್ಲಿ ಒಬ್ಬನನ್ನು ನೈಸ್ ಎಂದು ಕರೆದರೆ ಅವನು ಹಿಗ್ಗಬೇಕಾಗಿರಲಿಲ್ಲ, ಜಗಳಕ್ಕೆ ಬರಬಹುದಾಗಿತ್ತು.

ಅಲ್ಲಿಂದ ಮುಂದೆ ಅದು ಹಿಡಿದ ದಾರಿಗಳು ಒಂದೆರಡಲ್ಲ. ದಡ್ಡತನದಿಂದ ಚೆಲ್ಲುತನಕ್ಕೆ, ಚೆಲ್ಲುತನದಿಂದ ಉಡುಗೆತೊಡುಗೆಯ ಆಡಂಬರಕ್ಕೆ. ಇನ್ನೊಂದು ಕಡೆ ನಾಚಿಕೆಗೆ, ಸಂಕೋಚಕ್ಕೆ. ಅದರಿಂದ ಅತಿ ನಾಜೂಕಿಗೆ, ‘ಇದು ಒಲ್ಲೆ ಅದು ಒಲ್ಲೆ’ ಎನ್ನುವ ಮಡಿವಂತಿಕೆಗೆ. ಮಡಿವಂತಿಕೆಯಿಂದ ಕೂದಲು ಸೀಳುವ ಸೂಕ್ಷ್ಮತೆಗೆ. ಹದಿನಾರು ಹದಿನೇಳನೆಯ ಶತಮಾನದ ಬರಹಗಳಲ್ಲಿ ಈ ಶಬ್ದ ಬಂದಾಗ ಇಂಥದೇ ಅರ್ಥ ಎಂದು ಹೇಳುವುದು ಎಷ್ಟೋ ಕಡೆ ಕಷ್ಟ ಎಂದು ಆಕ್ಸ್‌ಫರ್ಡ್ ನಿಘಂಟೇ ಒಪ್ಪಿಕೊಂಡಿದೆ. ಶೇಕ್ಸ್‌ಪಿಯರನ ‘ರೋಮಿಯೊ ಅಂಡ್ ಜೂಲಿಯೆಟ್’ ನಾಟಕದಲ್ಲಿ ಬೀದಿಯಲ್ಲಿ ಎರಡು ಹೆಣ ಬಿದ್ದ ಮೇಲೆ ಬೆನ್ವೋಲಿಯೊ ಆ ಜಗಳದ ಕಾರಣ ಎಷ್ಟು ‘ನೈಸ್’ ಆಗಿತ್ತು ಎನ್ನುತ್ತಾನೆ. ಕ್ಷುಲ್ಲಕವಾಗಿತ್ತು ಎಂದು ಅವನ ಇಂಗಿತ. ಅದೇ ನಾಟಕದ ಕೊನೆಯ ಅಂಕದಲ್ಲಿ, ಮುಟ್ಟಬೇಕಾದವನಿಗೆ ಮುಟ್ಟದೆ ಹೋದ ಕಾಗದದ ವಿಚಾರ ಹೇಳುವಾಗ ಪಾದ್ರಿ ಅದು ‘ನೈಸ್’ ಕಾಗದವಲ್ಲ ಎನ್ನುತ್ತಾನೆ. ಅಂದರೆ ಅದು ಹಗುರವಾದ ವಿಷಯದ್ದಲ್ಲ, ಪ್ರಾಣಕ್ಕೆ ಸಂಬಂಧಪಟ್ಟದ್ದು. ಇಂದಿನ ಇಂಗ್ಲಿಷನ್ನು ಮಾತ್ರ ಬಲ್ಲವನು ಈ ಎರಡು ಕಡೆಯೂ ಕಕ್ಕಾಬಿಕ್ಕಿಯಾಗುತ್ತಾನೆ. ಮಿಲ್ಟನ್ 1667ರ ‘ಪ್ಯಾರಡೈಸ್ ಲಾಸ್ಟ್’ನ ನಾಲ್ಕನೆಯ ಭಾಗದಲ್ಲಿ ಈಡನ್ನಿನ ತೋಟವನ್ನು ವರ್ಣಿಸುತ್ತ ಕಲೆಗೆ ಇದೇ ವಿಶೇಷಣ ಹಚ್ಚುತ್ತಾನೆ. ಹೊಗಳಿಕೆ ಎಂದು ಓದಿಕೊಂಡು ಹೋದವರನ್ನು ನಾನು ಕಂಡಿದ್ದೇನೆ. ಅಲ್ಲಿರುವುದು ತಾತ್ಸಾರ: ದಾರ ಹಿಡಿದು ಪಾತಿ ಕಟ್ಟುವ ಅತಿ ನಾಜೂಕಿನ ಕಲೆ, ಪ್ರಕೃತಿಯ ಧಾರಾಳದ ಮುಂದೆ ಅದೇನು ಎಂಬ ಧ್ವನಿ.

ಪೆದ್ದ ಎಂಬ ಅರ್ಥದ ಮಾತು ಕೊನೆಗೆ ಪ್ರಿಯವಾದದ್ದು ಎಂಬಲ್ಲಿಗೆ ಬಂದು ನಿಲ್ಲುವುದು ವಿಚಿತ್ರವೆಂದು ಕಾಣಬಹುದು. ನಮಗೆ ಹಾಗೆ ಕಾಣಬೇಕಾಗಿಲ್ಲ. ಸಂಸ್ಕೃತದ ‘ಮುಹ್’ ಧಾತುವಿನಿಂದಲೇ ‘ಮೂಢ’ ಬಂದಿತು, ‘ಮುಗ್ಧ’ವೂ ಬಂದಿತು. ಒಂದೇ ತಾಯಿಯ ಮಕ್ಕಳು. ಮೂಢ ಮೂಢನಾಗಿಯೇ ಉಳಿದ, ಮುಗ್ಧ ಮಾತ್ರ ಎಲ್ಲರ ಮುದ್ದಿಗೆ ಪಾತ್ರನಾದ. ಅಲಂಕಾರಶಾಸ್ತ್ರದ ಮುಗ್ಧಾ ನಾಯಿಕೆಯ ಚೆಲುವು ಇರುವುದೇ ಆಕೆಗೆ ಇನ್ನೂ ತಿಳಿಯದಿರುವುದರಲ್ಲಿ. ಹೆಂಡತಿಯನ್ನೋ ಮಗಳನ್ನೋ ‘ಪೆದ್ದಿ’ ಎಂದು ಕರೆಯುವ ನಮ್ಮ ಮನೆಗಳಲ್ಲಿ ಆ ಬೈಗುಳ ಯಾವಾಗ ಮುದ್ದಾಗುತ್ತದೆ ಎಂಬುದಕ್ಕೆ ವ್ಯಾಕರಣ ಬೇಕಾಗಿಲ್ಲ. ಇಂಗ್ಲಿಷಿನ ‘ಸಿಲ್ಲಿ’ ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಅದರ ಹಳೆಯ ಅರ್ಥ ಧನ್ಯ, ದೈವಾನುಗ್ರಹ ಪಡೆದವನು. ಅದು ಇಳಿಯುತ್ತ ಇಳಿಯುತ್ತ ಪಾಪದವನು, ಪಾಪ ಎನ್ನಿಸುವವನು, ಕೊನೆಗೆ ಪೆದ್ದ ಎಂದಾಯಿತು. ನೈಸ್ ಮೆಟ್ಟಿಲು ಹತ್ತುತ್ತಿರುವಾಗ ಸಿಲ್ಲಿ ಇಳಿಯುತ್ತಿತ್ತು. ನಡುವೆ ಎಲ್ಲೋ ಇಬ್ಬರೂ ಎದುರಾಗಿರಬೇಕು.

ಡಾಕ್ಟರ್ ಜಾನ್ಸನ್ 1755ರಲ್ಲಿ ತನ್ನ ನಿಘಂಟನ್ನು ಪ್ರಕಟಿಸಿದಾಗ ಈ ಶಬ್ದ ತನ್ನ ಏರು ಪ್ರಾಯದಲ್ಲಿತ್ತು. ಜಾನ್ಸನ್ ಕೊಡುವ ಮೊದಲ ಅರ್ಥ ತೀರ್ಮಾನದ ಕರಾರುವಾಕ್ಕಾದ ನಿಷ್ಕೃಷ್ಟತೆಗೆ ಸಂಬಂಧಪಟ್ಟದ್ದು. ಅದು ಅತಿಯಾದರೆ ದೋಷ ಎಂಬ ಎಚ್ಚರಿಕೆಯೂ ಜೊತೆಗಿದೆ. ಅಕ್ಕಸಾಲಿಗ ಗುಲಗಂಜಿಯ ಲೆಕ್ಕದಲ್ಲಿ ತೂಗುವಾಗ ಉಸಿರು ಬಿಗಿಹಿಡಿಯುತ್ತಾನಲ್ಲ, ಆ ಹಿಡಿತ ಅಂದಿನ ನೈಸ್. ತಿಳಿಯದವನು ಎಂದು ಹುಟ್ಟಿದ ಶಬ್ದ ಎಲ್ಲರಿಗಿಂತ ಸೂಕ್ಷ್ಮವಾಗಿ ತಿಳಿದವನು ಎಂಬಲ್ಲಿಗೆ ಬಂದಿತ್ತು! ಆ ಅರ್ಥ ಇಂದಿಗೂ ಪೂರ್ತಿ ಸತ್ತಿಲ್ಲ. ಇಂಗ್ಲಿಷ್ ಬಲ್ಲ ವಕೀಲರು ಒಂದು ವಾದವನ್ನು ನೈಸ್ ಪಾಯಿಂಟ್ ಎಂದರೆ ಅದು ಮುದ್ದಾಗಿದೆ ಎಂದಲ್ಲ, ಕೂದಲೆಳೆಯಷ್ಟು ಸೂಕ್ಷ್ಮವಾಗಿದೆ ಎಂದು. ಇಂಗ್ಲೆಂಡಿನ ಸರಕಾರಿ ವೈದ್ಯಸೇವೆಯಲ್ಲಿ ಯಾವ ಔಷಧಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ತೂಗಿ ಹೇಳಲು 1999ರಲ್ಲಿ ಒಂದು ಸಂಸ್ಥೆ ಮಾಡಿದರು. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ನೈಸ್ ಎಂದಾಗುತ್ತದೆ. ‘ಈ ಔಷಧ ಬೇಡ’ ಎಂದು ಹೇಳಬೇಕಾದ ಸಂಸ್ಥೆಗೆ ಈ ಹೆಸರೇ ಎಂದು ನಗುವವರು ಜಾನ್ಸನ್ನನ ನಿಘಂಟನ್ನೊಮ್ಮೆ ತೆರೆಯಬೇಕು.

‘ಹಿತವಾದ, ಪ್ರಿಯವಾದ’ ಎಂಬ ಇಂದಿನ ಅರ್ಥ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ತಲೆಯೆತ್ತಿತು. ತಲೆಯೆತ್ತಿದ್ದೇ ತಡ ಹಳೆಯ ಅರ್ಥಗಳನ್ನೆಲ್ಲ ಮೂಲೆಗೆ ತಳ್ಳಿತು. ಈ ಹೊಸಬನ ಮೇಲೆ ಸಾಹಿತ್ಯದಲ್ಲಿ ನಡೆದ ವಿಚಾರಣೆಗಳಲ್ಲಿ ಜೇನ್ ಆಸ್ಟಿನ್ನಳ ‘ನಾರ್ತ್ಯಾಂಗರ್ ಅಬಿ’ ಕಾದಂಬರಿಯದಕ್ಕೆ ಸಾಟಿಯಿಲ್ಲ. ಈ ಪ್ರಬಂಧವನ್ನು ನಾನು ಬರೆಯಲು ಹೊರಟದ್ದೇ ಅದಕ್ಕಾಗಿ ಎನ್ನಬಹುದು.

ಸಂದರ್ಭ ಹೀಗೆ: ಹದಿನೇಳು ವರ್ಷದ ಕ್ಯಾಥರೀನ್ ಮೊರ್ಲಂಡ್ ಹಳ್ಳಿಯ ಪಾದ್ರಿಯ ಮಗಳು. ಬಾತ್ ನಗರದ ಥಳಕಿಗೆ ಹೊಸಬಳು. ಹೆನ್ರಿ ಟಿಲ್ನಿ ಮತ್ತು ಅವನ ಸೋದರಿ ಎಲಿನರ್ ಜೊತೆ ಬೀಚನ್ ಕ್ಲಿಫ್ ಎಂಬ ಗುಡ್ಡದ ಕಡೆ ತಿರುಗಾಡಲು ಹೋಗುತ್ತಾಳೆ. ಆನ್ ರ‍್ಯಾಡ್‌ಕ್ಲಿಫ್ ಬರೆದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ ಆಗ ಎಲ್ಲರ ಕೈಯಲ್ಲಿದ್ದ ಭಯಾನಕ ಕಾದಂಬರಿ, 1794ರದು. ಜಗತ್ತಿನಲ್ಲಿ ಅದಕ್ಕಿಂತ ನೈಸ್ ಆದ ಪುಸ್ತಕ ಇದೆಯೇ ಎಂದು ಕ್ಯಾಥರೀನ್ ಉತ್ಸಾಹದಿಂದ ಕೇಳುತ್ತಾಳೆ. ಹೆನ್ರಿ ಸುಮ್ಮನಿರುವ ಆಸಾಮಿಯಲ್ಲ. ನೈಸ್ ಎಂದರೆ ಅಚ್ಚುಕಟ್ಟು ಎಂದೇ ಅರ್ಥವಾದ್ದರಿಂದ ಅದು ಪುಸ್ತಕದ ರಟ್ಟು ಹೇಗಿದೆ ಎಂಬುದನ್ನು ಅವಲಂಬಿಸಿದೆ ಎಂದು ಬಿಡುತ್ತಾನೆ. ಇನ್ನು ದಾರಿಯುದ್ದಕ್ಕೂ ಜಾನ್ಸನ್, ಬ್ಲೇರ್ ಎಂದು ನಮ್ಮ ತಲೆ ತಿನ್ನುತ್ತಾನೆ ನೋಡು ಎಂದು ಎಲಿನರ್ ಗೆಳತಿಗೆ ಎಚ್ಚರಿಕೆ ಕೊಡುತ್ತಾಳೆ. ನಾನೇನು ತಪ್ಪು ಹೇಳಿದೆ, ಅದು ನೈಸ್ ಪುಸ್ತಕವೇ ತಾನೆ ಎಂದು ಕ್ಯಾಥರೀನ್ ಬಿಟ್ಟುಕೊಡುವುದಿಲ್ಲ. ಆಗ ಹೆನ್ರಿ ಒಂದು ಚಿಕ್ಕ ಭಾಷಣವನ್ನೇ ಮಾಡುತ್ತಾನೆ. ಹವೆಯೂ ನೈಸ್, ನಡಿಗೆಯೂ ನೈಸ್, ಹುಡುಗಿಯರೂ ನೈಸ್ ಎಂದು ಅಣಕಿಸಿ, ಮೊದಲು ಈ ಶಬ್ದ ನಾಜೂಕು, ಔಚಿತ್ಯ, ಸಂಸ್ಕಾರ ಎಂಬವುಗಳಿಗೆ ಮೀಸಲಾಗಿತ್ತು, ಈಗ ಎಲ್ಲ ವಿಷಯದ ಎಲ್ಲ ಹೊಗಳಿಕೆಯೂ ಇದೊಂದರಲ್ಲಿ ಅಡಗಿದೆ ಎಂದು ಮುಗಿಸುತ್ತಾನೆ.

ಕೈಪಿಡಿ ಬರೆಯುವವರಿಗೆ ಹೆನ್ರಿಯ ಈ ಭಾಷಣ ಬಹಳ ಅಚ್ಚುಮೆಚ್ಚು. ಜೇನ್ ಆಸ್ಟಿನ್ ಕೂಡ ನಮ್ಮ ಪಕ್ಷ ಎಂದು ಅವರು ಇದನ್ನು ಉದಾಹರಿಸುತ್ತಾರೆ. ಅವರು ಮುಂದಿನ ಮಾತನ್ನು ಓದಿದ್ದಾರೆಯೇ ಎಂದು ನನಗೆ ಅನುಮಾನ. ಆ ಮಾತು ಎಲಿನರಳದು. ಆ ಶಬ್ದ ನಿಜವಾಗಿ ಒಪ್ಪುವುದು ನಿನಗೇ, ಅದೂ ಹೊಗಳಿಕೆಯೇನೂ ಇಲ್ಲದೆ. ನಿನ್ನಲ್ಲಿ ವಿವೇಕಕ್ಕಿಂತ ನೈಸ್ ಹೆಚ್ಚು ಎಂದು ಅವನಿಗೆ ತಿವಿಯುತ್ತಾಳೆ. ಎಷ್ಟು ಜಾಣ ಪೆಟ್ಟು! ಹೆನ್ರಿ ಕಾಪಾಡಬೇಕೆಂದ ಹಳೆಯ ಅರ್ಥವನ್ನೇ ಎತ್ತಿಕೊಂಡು, ‘ಕೊರತೆ ಹುಡುಕುವ ಮಡಿವಂತ’ ಎಂದು ಅವನ ಹಣೆಗೆ ಹಚ್ಚುತ್ತಾಳೆ. ಶಬ್ದದ ಇತಿಹಾಸದ ಮೇಲೆ ಭಾಷಣ ಮಾಡಿದವನು ಅವನು; ಆ ಇತಿಹಾಸವನ್ನು ಬಳಸಿದವಳು ಅವಳು. ಅಲ್ಲದೆ ಹೆನ್ರಿ ‘ಮೊದಲು’ ಎಂದದ್ದು ಮೊದಲಲ್ಲವೇ ಅಲ್ಲ. ಮೊದಲು ಅದು ಪೆದ್ದ. ತಾನು ಕಲಿತ ಕಾಲದ ಬಳಕೆಯೇ ಶುದ್ಧ, ಅನಂತರದ್ದೆಲ್ಲ ಭ್ರಷ್ಟ ಎಂದು ನಂಬುವವರು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಕನ್ನಡದಲ್ಲಿ ಅವರ ಸಂಖ್ಯೆ ತುಸು ಹೆಚ್ಚು ಎನ್ನಬೇಕು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅದೇ ನಡಿಗೆಯಲ್ಲಿ, ಈ ವಾಗ್ವಾದಕ್ಕೆ ತುಸು ಮೊದಲು, ಹೆನ್ರಿ ತಾನೂ ಉಡಾಲ್ಫೊ ಓದಿದ್ದನ್ನು ಹೇಳಿಕೊಂಡಿರುತ್ತಾನೆ. ಹಿಡಿದ ಪುಸ್ತಕ ಕೆಳಗಿಡಲಾಗದೆ ಎರಡು ದಿನದಲ್ಲಿ ಮುಗಿಸಿದನಂತೆ. ಅಷ್ಟು ಹೊತ್ತೂ ಕೂದಲು ನಿಮಿರಿಕೊಂಡೇ ಇತ್ತಂತೆ. ಸೋದರಿಗೆ ಓದಿ ಹೇಳುತ್ತೇನೆಂದು ಒಪ್ಪಿಕೊಂಡಿದ್ದವನು, ಆಕೆ ಐದು ನಿಮಿಷ ಆಚೆ ಹೋದಾಗ ಕಾಯಲಾರದೆ ಪುಸ್ತಕವನ್ನು ಎತ್ತಿಕೊಂಡು ಓಡಿಹೋಗಿದ್ದ. ನೈಸ್ ಎಂಬ ಬಡ ಶಬ್ದಕ್ಕೆ ಬದಲಾಗಿ ಏನು ಹೇಳಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಇನ್ನೊಂದು ವಿಶೇಷಣ ಬೇಕಾಗಿಲ್ಲ. ಎರಡು ದಿನ, ನಿಮಿರಿದ ಕೂದಲು, ಕದ್ದು ಓಡಿದ ಪುಸ್ತಕ, ಅಷ್ಟು ಸಾಕು. ಹೆನ್ರಿಗೆ ತಾನು ಒಳ್ಳೆಯ ವಿಮರ್ಶೆ ಮಾಡಿದ್ದು ಯಾವಾಗ, ಬರಿಯ ಪಾಂಡಿತ್ಯ ಮೆರೆದದ್ದು ಯಾವಾಗ ಎಂಬುದು ಗೊತ್ತಾಗಲೇ ಇಲ್ಲ. ಆಸ್ಟಿನ್ನಳಿಗೆ ಗೊತ್ತಿತ್ತು, ಆಕೆ ಎರಡನ್ನೂ ಒಂದೇ ನಡಿಗೆಯಲ್ಲಿ ಇಟ್ಟಳು. ಕ್ಯಾಥರೀನಳ ಶಬ್ದ ಬಡವಾದದ್ದು, ಅನುಭವ ಬಡವಾದದ್ದಲ್ಲ.

ಈ ಕಾದಂಬರಿ ಹೊರಬಂದದ್ದು ಆಸ್ಟಿನ್ ತೀರಿಕೊಂಡ ಮೇಲೆ, 1817ರ ಡಿಸೆಂಬರಿನಲ್ಲಿ. ಅದರೊಡನೆ ಒಂದೇ ಕಟ್ಟಿನಲ್ಲಿ ಬಂದ ಇನ್ನೊಂದು ಕಾದಂಬರಿ ‘ಪರ್ಸುಯೇಶನ್’. ಅದರಲ್ಲಿ ಮಿಸ್ಟರ್ ಎಲಿಯಟ್ ಎಂಬ ನಯಗಾರ, ದೊಡ್ಡವರ ಸಮಾಜಕ್ಕೆ ಬೇಕಾದದ್ದು ಕುಲ, ವಿದ್ಯೆ, ನಡವಳಿಕೆ ಇಷ್ಟೇ, ಅದರಲ್ಲೂ ವಿದ್ಯೆಯ ವಿಷಯದಲ್ಲಿ ಅದು ಅಷ್ಟೇನೂ ನೈಸ್ ಅಲ್ಲ ಎನ್ನುತ್ತಾನೆ. ಪಟ್ಟು ಹಿಡಿಯುವುದಿಲ್ಲ, ತೀರ ಆರಿಸಿ ನೋಡುವುದಿಲ್ಲ ಎಂದರ್ಥ. ಹೀಗೆ ಒಂದೇ ಕಟ್ಟಿನ ನಾಲ್ಕು ಸಂಪುಟಗಳಲ್ಲಿ ಹಳೆಯ ಅರ್ಥವೂ ಹೊಸ ಅರ್ಥವೂ ಒಂದೇ ಮನೆಯ ಅತ್ತೆ ಸೊಸೆಯರಂತೆ ಇದ್ದವು. ಆಸ್ಟಿನ್ನಳಿಗೆ ಅದರಿಂದ ಯಾವ ತೊಂದರೆಯೂ ಆದಂತೆ ತೋರುವುದಿಲ್ಲ.

ಫೌಲರ್ ಎಂಬ ಮಹಾಶಯನ ಇಂಗ್ಲಿಷ್ ಬಳಕೆಯ ಕೋಶ ಬಂದದ್ದು 1926ರಲ್ಲಿ. ನೈಸ್ ವಿಚಾರದಲ್ಲಿ ಅವನ ತೀರ್ಪು ಪ್ರಸಿದ್ಧ: ಹೆಂಗಸರು ಅದನ್ನು ಅತಿಯಾಗಿ ಮುದ್ದಿಸಿ ಅದರ ವ್ಯಕ್ತಿತ್ವವನ್ನೇ ಹಾಳುಮಾಡಿದರು ಎಂದು ಅವನ ಆರೋಪ. ಫೌಲರನ ಬರವಣಿಗೆ ನನಗೆ ಇಷ್ಟ; ಅವನ ವ್ಯಂಗ್ಯಕ್ಕೆ ಒಂದು ಬಗೆಯ ಒಣ ಚೆಲುವಿದೆ. ಆದರೆ ಈ ತೀರ್ಪು ನನಗೆ ಸರಿತೋರದು. ಹೆನ್ರಿಯಿಂದ ಫೌಲರನವರೆಗೆ ಈ ಶಬ್ದದ ಮೇಲೆ ದಾವೆ ಹೂಡಿದವರು ಪುರುಷರು, ಕಟಕಟೆಯಲ್ಲಿ ನಿಂತವರು ಹುಡುಗಿಯರು. ಬೇರೆಯವರ ಮನಸ್ಸು ನೋಯಿಸದೆ ಮಾತಾಡಬೇಕೆಂದು ಯಾರಿಗೆ ಹುಟ್ಟಿದಂದಿನಿಂದ ಹೇಳಿಕೊಟ್ಟಿದ್ದೇವೆಯೋ ಅವರು ನೋಯಿಸದ ಶಬ್ದವೊಂದನ್ನು ಹುಡುಕಿಕೊಂಡರೆ, ನಿಮ್ಮಿಂದ ಭಾಷೆ ಕೆಟ್ಟಿತು ಎಂದು ಗದರುವುದು ಯಾವ ನ್ಯಾಯ? ಅತ್ತೆ ಮನೆಯ ಸಾರು ಹೇಗಿದೆ ಎಂದು ಹೊಸ ಸೊಸೆಯನ್ನು ಕೇಳಿ ನೋಡಿ. ‘ಚೆನ್ನಾಗಿದೆ ಅತ್ತೆ’ ಎನ್ನದೆ ಆಕೆ ಉಪ್ಪಿನ ನಿಷ್ಕೃಷ್ಟ ವಿಮರ್ಶೆಗೆ ಇಳಿದರೆ ಮುಂದಿನ ಕಥೆ ಬೇರೆ.

ಹೀಗೆಂದ ಮಾತ್ರಕ್ಕೆ ಎಲ್ಲರೂ ಎಲ್ಲಕ್ಕೂ ನೈಸ್ ಎನ್ನುತ್ತ ಇರಲಿ ಎಂದು ನನ್ನ ವಾದವಲ್ಲ. ಮೇಷ್ಟರುಗಳು ಕೊಡುವ ಮದ್ದು ರೋಗಕ್ಕೆ ತಕ್ಕದ್ದಲ್ಲ ಎಂದು ನನ್ನ ದೂರು. ಮದ್ದು ಯಾವುದೆಂದರೆ ಪರ್ಯಾಯ ಪದಗಳ ಪಟ್ಟಿ. ಪ್ಲೆಸೆಂಟ್, ಅಗ್ರೀಯಬಲ್, ಡಿಲೈಟ್‌ಫುಲ್, ಚಾರ್ಮಿಂಗ್, ಲವ್ಲಿ — ಇವನ್ನು ಬಾಯಿಪಾಠ ಮಾಡಿಸಿ, ನೈಸ್ ಬಂದಲ್ಲೆಲ್ಲ ಒಂದೊಂದನ್ನು ಹಾಕು ಎನ್ನುವುದು. ನಾನು ಕೆಲಸ ಮಾಡಿದ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ, ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನೂರ ಜಾತ್ರೆಯ ಮೇಲೆ ಬರೆದ ಇಂಗ್ಲಿಷ್ ಪ್ರಬಂಧ ಎರಡು ಸಾರಿ ನನ್ನ ಕೈಗೆ ಬಂದಿತು. ಮೊದಲ ಸಾರಿ ಅದರಲ್ಲಿ ಆರು ನೈಸ್‌ಗಳಿದ್ದವು. ಬೇರೆ ಅಧ್ಯಾಪಕರು ಆರನ್ನೂ ಕೆಂಪು ಶಾಯಿಯಲ್ಲಿ ಸುತ್ತಿದ್ದರು. ಎರಡನೆಯ ಸಾರಿ ಆ ಆರು ಜಾಗದಲ್ಲಿ ಆರು ಬೇರೆ ಬೇರೆ ಶಬ್ದಗಳು ಕೂತಿದ್ದವು. ತೇರು ಅಗ್ರೀಯಬಲ್ ಆಗಿತ್ತು, ದೂಳು ಕೂಡ ಡಿಲೈಟ್‌ಫುಲ್ ಆಗಿತ್ತು. ಮೊದಲಿನದರಲ್ಲಿ ಹುಡುಗಿಯ ಧ್ವನಿಯಾದರೂ ಕೇಳುತ್ತಿತ್ತು. ಈಗ ಅದೂ ಇರಲಿಲ್ಲ. ಜಾತ್ರೆಯಲ್ಲಿ ನಿನಗೆ ಏನು ಇಷ್ಟ, ಕನ್ನಡದಲ್ಲಿ ಹೇಳಮ್ಮ ಎಂದೆ. ಸ್ವಲ್ಪ ಹೊತ್ತು ನೆಲ ನೋಡಿ, ‘ತೇರಿನ ಹಗ್ಗ ಎಳೆದ ಮೇಲೆ ಅಂಗೈ ಎರಡು ದಿನ ಉರಿಯುತ್ತೆ ಸಾರ್. ಆ ಉರಿ ಇರೋವರೆಗೂ ಜಾತ್ರೆ ಮುಗಿದಿಲ್ಲ ಅನ್ನಿಸುತ್ತೆ’ ಎಂದಳು. ಆ ಮಾತನ್ನೇ ಬರಿ ಎಂದೆ. ಬರೆದಳು. ಅದರ ಇಂಗ್ಲಿಷ್ ಅಷ್ಟೇನೂ ಶುದ್ಧವಾಗಿರಲಿಲ್ಲ.

ಇಂಥ ಪಟ್ಟಿಗಳ ತವರು ರೋಜೆ ಎಂಬ ವೈದ್ಯನ ‘ಥೆಸಾರಸ್’ ಎಂದು ಎಲ್ಲರೂ ದೂರುತ್ತಾರೆ. ಪಾಪ, ಅವನ ಉದ್ದೇಶ ಅದಾಗಿರಲಿಲ್ಲ. 1805ರಲ್ಲಿ ತನ್ನ ಉಪಯೋಗಕ್ಕೆಂದು ಪಟ್ಟಿಮಾಡಿಕೊಂಡದ್ದನ್ನು ಬೆಳೆಸಿ 1852ರಲ್ಲಿ, ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಪ್ರಕಟಿಸಿದ. ಒಂದು ಸಾವಿರ ತಲೆಬರಹಗಳ ಕೆಳಗೆ ಭಾವನೆಗಳನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಸಮೀಪದ ಶಬ್ದಗಳನ್ನು ಕೂಡಿಸಿದ. ಅಕ್ಷರಾನುಕ್ರಮದಿಂದಲ್ಲ, ಅರ್ಥಾನುಕ್ರಮದಿಂದ. ನಮಗೆ ಇದು ಪರಿಚಿತವಾದ ಕ್ರಮ. ‘ಅಮರಕೋಶ’ದ ವರ್ಗಗಳೂ ಹೀಗೆಯೇ ಅಲ್ಲವೆ? ರೋಜೆಗೂ ಅದು ಗೊತ್ತಿತ್ತು: ತನ್ನ ಪುಸ್ತಕದ ಪೀಠಿಕೆಯಲ್ಲಿ, ಇಂಥ ಪ್ರಯತ್ನಗಳಲ್ಲೆಲ್ಲ ಹಳೆಯದೆಂದು ಅಮರಸಿಂಹನ ಕೋಶವನ್ನೂ ಅದಕ್ಕೆ ಕೋಲ್‌ಬ್ರೂಕ್ ಮಾಡಿದ, 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ಅನುವಾದವನ್ನೂ ಹೆಸರಿಸುತ್ತಾನೆ. ಹುಡುಗರನ್ನು ಕಂಬಕ್ಕೆ ಒರಗಿಸಿ ಅಮರ ಬಾಯಿಪಾಠ ಮಾಡಿಸುತ್ತಿದ್ದ ಅಜ್ಜಂದಿರಿಗೆ ಈ ಸುದ್ದಿ ಮುಟ್ಟಿದ್ದರೆ ಸಂತೋಷಪಡುತ್ತಿದ್ದರು. ಆದರೆ ಅಮರ ಓದಿದವನು ಕವಿಯಾಗುತ್ತಾನೆಂಬ ಭರವಸೆ ಅವರಲ್ಲೂ ಇರಲಿಲ್ಲ. ತಾವರೆಗೆ ಹತ್ತು ಹೆಸರು ಗೊತ್ತಿರುವುದು ಬೇರೆ, ತಾವರೆಯನ್ನು ಕಂಡಿರುವುದು ಬೇರೆ.

ನಿಜ ಹೇಳಬೇಕೆಂದರೆ ಯಾವ ಎರಡು ಶಬ್ದಗಳೂ ಪರ್ಯಾಯವಲ್ಲ. ಕನ್ನಡದಲ್ಲೇ ನೋಡಿ: ಧಾರವಾಡದವರ ‘ಛಲೋ’, ಮಂಗಳೂರಿನವರ ‘ಲಾಯ್ಕ’, ಮೈಸೂರಿನವರ ‘ಚೆನ್ನಾಗಿದೆ’, ಹಳೆಯ ತಲೆಗಳ ‘ಪಸಂದಾಗಿದೆ’ — ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮಾತಿನ ಊರೇ ಬದಲಾಗುತ್ತದೆ. ಲಾಯ್ಕದಲ್ಲಿ ಯೋಗ್ಯ ಎಂಬ ಅರಬ್ಬಿಯ ತೂಕ ಇದೆ. ‘ನಾಲಾಯಕ್ಕು’ ಎಂದು ಬೈಯುವಾಗ ಅದು ತಟ್ಟುತ್ತದೆ. ಪಸಂದಿನಲ್ಲಿ ಪಾರಸಿಯ ಮೆಚ್ಚಿಗೆಯಿದೆ. ‘ಚೆನ್ನ’ ಎಂಬುದು ಈಗ ನೈಸ್‌ನಷ್ಟೇ ಸವೆದ ಮಾತು. ಆದರೆ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನಲ್ಲಿ ಅದು ಸವೆದೇ ಇಲ್ಲ. ಎ.ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಆ ಅಂಕಿತವನ್ನು ಇಂಗ್ಲಿಷಿಗೆ ತರುವಾಗ ಮಲ್ಲಿಗೆಯನ್ನೂ ಅದರ ಬಿಳುಪನ್ನೂ ಹಿಡಿದುಕೊಂಡು ‘ಚೆನ್ನ’ವನ್ನು ಕೈಬಿಟ್ಟರು. ಬಿಟ್ಟದ್ದೇ ವಿವೇಕ. ಮಲ್ಲಿಕಾರ್ಜುನನ ಹಿಂದೆ ಇಂಗ್ಲಿಷಿನ ಯಾವ ಹೊಗಳಿಕೆಯ ವಿಶೇಷಣವನ್ನು ಇಟ್ಟರೂ ಅವನು ಪಕ್ಕದ ಮನೆಯ ಹುಡುಗನಾಗುತ್ತಿದ್ದ.

ಇನ್ನು ನೈಸ್ ಕನ್ನಡಕ್ಕೆ ಬಂದ ಮೇಲೆ ಏನಾಯಿತು ಎಂಬುದು ನನಗೆ ಬಹಳ ಖುಷಿ ಕೊಡುವ ವಿಷಯ. ಇಂಗ್ಲಿಷ್ ಕಲಿತವರ ಬಾಯಲ್ಲಿ ಅದು ಇಂಗ್ಲಿಷಿನ ಅರ್ಥದಲ್ಲೇ ಇದೆ. ಅಡುಗೆಮನೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ಅದರ ಅರ್ಥವೇ ಬೇರೆ. ‘ಚಟ್ನಿ ನೈಸಾಗಿ ರುಬ್ಬು’ ಎಂದರೆ ತರಿ ಉಳಿಯದಂತೆ ರುಬ್ಬು. ‘ಹಿಟ್ಟು ನೈಸಾಗಿ ಬೀಸಿಕೊಡಿ’ ಎಂದು ಗಿರಣಿಯವನಿಗೆ ಹೇಳುತ್ತೇವೆ. ಬಟ್ಟೆ ನೈಸಾಗಿದೆ ಎಂದರೆ ಕೈಗೆ ನುಣುಪಾಗಿ ತಾಗುತ್ತದೆ ಎಂದು. ಇಂಗ್ಲಿಷಿನವನಿಗೆ ಚಟ್ನಿ ನೈಸ್ ಎಂದರೆ ರುಚಿ, ನಮಗೆ ಹದ. ಆ ಭಾಷೆಯಲ್ಲಿ ಎಲ್ಲಕ್ಕೂ ಹರಡಿ ತೆಳ್ಳಗಾದ ಶಬ್ದವನ್ನು ನಮ್ಮ ಹೆಂಗಸರು ಬೆರಳ ತುದಿಗೆ ತಂದು ನಿಲ್ಲಿಸಿದ್ದಾರೆ. ಅದಕ್ಕೆ ಮತ್ತೆ ಒಂದು ಸ್ಪರ್ಶ ಬಂದಿದೆ, ಒಂದು ಅಳತೆ ಬಂದಿದೆ. ಫೌಲರ್ ಕೇಳಬೇಕಾಗಿತ್ತು.

ಇದು ಹೇಗಾಯಿತು ಎಂದು ಯೋಚಿಸಿದಾಗ ನನಗೆ ಹೊಳೆದದ್ದು ‘ನಯ’. ಆ ಮಾತು ನಮ್ಮಲ್ಲಿ ಮೊದಲೇ ಇತ್ತು. ಬಟ್ಟೆಯ ನಯಕ್ಕೂ ಸಲ್ಲುತ್ತಿತ್ತು, ನಡೆನುಡಿಯ ನಯಕ್ಕೂ ಸಲ್ಲುತ್ತಿತ್ತು. ನೈಸ್ ಬಂದು, ಉಚ್ಚಾರಣೆಯ ಹೋಲಿಕೆಯಿಂದಲೂ ಇರಬಹುದು, ಅದರ ಪಕ್ಕದಲ್ಲೇ ಕುಳಿತಿತು. ಕುಳಿತ ಮೇಲೆ ನಯದ ಗುಣಗಳ ಜೊತೆ ಅದರ ಅವಗುಣವನ್ನೂ ಹಂಚಿಕೊಂಡಿತು. ನಯವಿನಯ ಎನ್ನುವ ನಾವೇ ನಯವಂಚಕ ಎಂದೂ ಎನ್ನುತ್ತೇವೆ. ‘ಸಾಲ ಕೇಳಿದಾಗ ನೈಸಾಗಿ ಜಾರಿಕೊಂಡ’, ‘ಅಪ್ಪನಿಗೆ ನೈಸ್ ಮಾಡಿ ದುಡ್ಡು ಕಿತ್ತ’ — ಈ ಮಾತುಗಳಲ್ಲಿ ನೈಸ್ ಆಗಿರುವವನ ಬಗ್ಗೆ ಕನ್ನಡ ಜಾಯಮಾನದ ಒಂದು ಗುಮಾನಿ ಇದೆ. ತೀರ ನುಣುಪಾದದ್ದರ ಮೇಲೆ ಕಾಲಿಟ್ಟವನು ಜಾರುತ್ತಾನೆ. ಇಂಗ್ಲಿಷಿನ ಸಜ್ಜನ ಸಮಾಜ ಇನ್ನೂರೈವತ್ತು ವರ್ಷಗಳಿಂದ ಹೊಗಳಿಕೆ ಎಂದು ಹಂಚುತ್ತ ಬಂದ ಶಬ್ದದ ಮೇಲೆ ಇದಕ್ಕಿಂತ ಚೊಕ್ಕವಾದ ವಿಮರ್ಶೆಯನ್ನು ನಾನು ಓದಿಲ್ಲ.

(ಬೆಂಗಳೂರಿನ ಹೊರವಲಯವನ್ನು ಸುತ್ತುವ ಸುಂಕದ ರಸ್ತೆಗೂ ಅದನ್ನು ಕಟ್ಟಿದ ಕಂಪೆನಿಯ ಮೊದಲಕ್ಷರಗಳಿಂದ ‘ನೈಸ್ ರೋಡ್’ ಎಂದೇ ಹೆಸರು. ಓಡಾಡುವವರಿಗೆ ಅದು ನುಣುಪಾದ ರಸ್ತೆ. ಜಮೀನಿನ ತಕರಾರಿನಲ್ಲಿ ವರ್ಷಗಟ್ಟಲೆ ಕೋರ್ಟು ಹತ್ತಿದ ರೈತರಿಗೆ ಯಾವ ಅರ್ಥವೋ. ಸಕ್ಕರೆ ಉದುರಿಸಿದ ‘ನೈಸ್’ ಬಿಸ್ಕತ್ತಿನ ವಿಷಯದಲ್ಲಂತೂ ಅದು ಫ್ರಾನ್ಸಿನ ಊರು, ‘ನೀಸ್’ ಎನ್ನಬೇಕು ಎಂದು ತಿದ್ದುವವರಿದ್ದಾರೆ. ಆ ಊರಿಗೂ ನಮ್ಮ ಶಬ್ದಕ್ಕೂ ಸಂಬಂಧವಿಲ್ಲ. ಅದು ಗ್ರೀಕರ ವಿಜಯದ ಹೆಸರಿನಿಂದ ಬಂದದ್ದು.)

ನಮ್ಮ ಪುಸ್ತಕ ವಿಮರ್ಶೆಗೆ ಇದೆಲ್ಲ ಏಕೆ ಬೇಕು ಎಂದು ಕೇಳಬಹುದು. ಬೇಕು. ಕನ್ನಡದ ಮುನ್ನುಡಿಗಳನ್ನು ಒಂದು ವರ್ಷದ ಲೆಕ್ಕದಲ್ಲಿ ಕೂಡಿಹಾಕಿ ಓದಿದರೆ ಆ ವರ್ಷ ಬಂದ ಪುಸ್ತಕಗಳೆಲ್ಲ ಸೊಗಸಾಗಿವೆ, ಭರವಸೆ ಮೂಡಿಸಿವೆ, ಗಮನ ಸೆಳೆದಿವೆ. ಯಾರೊಬ್ಬರ ಗಮನವೂ ಎಲ್ಲಿಗೆ ಹೋಯಿತೆಂದು ಗೊತ್ತಾಗುವುದಿಲ್ಲ. ಇದು ನೈಸ್ ವಿಮರ್ಶೆ, ಕನ್ನಡದ ಅರ್ಥದಲ್ಲಿ: ತರಿ ಇಲ್ಲದ್ದು, ಜಾರಿಕೊಳ್ಳುವಂಥದು. ನನಗೆ ಬೇಕೆನಿಸುವುದು ಜಾನ್ಸನ್ನನ ಅರ್ಥದ ನೈಸ್ ವಿಮರ್ಶೆ. ಗುಲಗಂಜಿಯ ತೂಕದ್ದು. ಇಂಥ ಪುಟದ ಇಂಥ ಸಾಲು ನಿಂತಿದೆ, ಇಂಥದು ಬಿದ್ದಿದೆ ಎನ್ನುವಂಥದು. ಸಾವಿನ ಮನೆಗೆ ಹೋದಾಗ, ಮದುವೆಯ ಊಟ ಮಾಡಿ ಎದ್ದಾಗ, ಮಗು ತಾನು ಗೀಚಿದ ಆನೆಯನ್ನು ತಂದು ತೋರಿಸಿದಾಗ ಸವೆದ ಮಾತೇ ಸರಿಯಾದ ಮಾತು. ಅಲ್ಲಿ ತೂಕದ ಕಲ್ಲು ತೆಗೆದವನು ಹೆನ್ರಿಗಿಂತ ಕಡೆ. ಆದರೆ ಅಚ್ಚಿಗೆ ಹೋಗುವ ಹಸ್ತಪ್ರತಿ ಸಾವಿನ ಮನೆಯಲ್ಲ.

ಕೆಲವು ವರ್ಷಗಳ ಹಿಂದೆ ತರುಣರೊಬ್ಬರು ತಮ್ಮ ನಲವತ್ತು ಕವಿತೆಗಳ ಹಸ್ತಪ್ರತಿಯನ್ನು ಮುನ್ನುಡಿಗೆಂದು ಕಳಿಸಿದ್ದರು. ನಾಲ್ಕು ಪುಟಗಳ ಟಿಪ್ಪಣಿ ಬರೆದು, ಯಾವ ಕವಿತೆ ಎಲ್ಲಿ ಮುಗಿಯಬಹುದಿತ್ತು, ಎಲ್ಲಿ ಮುಗಿದ ಮೇಲೂ ನಡೆದಿದೆ ಎಂದು ಗುರುತುಹಾಕಿ ಹಿಂತಿರುಗಿಸಿದೆ. ಫೋನ್ ಮಾಡಿ, ‘ಒಟ್ಟಾರೆ ಹೇಗಿದೆ ಸಾರ್, ಒಂದು ಮಾತಿನಲ್ಲಿ?’ ಎಂದು ಕೇಳಿದರು. ಒಂದು ಮಾತಿನಲ್ಲಿ ಹೇಳುವಂತಿದ್ದರೆ ನಾಲ್ಕು ಪುಟ ಬರೆಯುತ್ತಿರಲಿಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ‘ಆಗಲಿ ಸಾರ್’ ಎಂದು ಇಟ್ಟರು. ಪುಸ್ತಕ ಮುಂದಿನ ವರ್ಷ ಬಂದಿತು. ಮುನ್ನುಡಿ ಬೇರೆಯವರದು, ಕವಿತೆಗಳು ಸೊಗಸಾಗಿವೆ ಎಂದು ಅದರಲ್ಲಿ ಮೂರು ಕಡೆ ಇದೆ. ನಾನು ಹಸ್ತಪ್ರತಿಯ ನಕಲನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಹದಿನಾಲ್ಕನೆಯ ಕವಿತೆಯ ಕೊನೆಯ ನಾಲ್ಕು ಸಾಲು ಇರಲಿಲ್ಲ. ಇಪ್ಪತ್ತೇಳನೆಯದರಲ್ಲಿ ಎರಡು.